ಮಡಿಲಲ್ಲಿ ತೆರೆಯುವ ಪುಸ್ತಕ

ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವವರು ಗಹನವಾದ ವಿಷಯಗಳನ್ನೇ ಆರಿಸಿಕೊಳ್ಳುವುದು ವಾಡಿಕೆ. ಪ್ರಜಾಪ್ರಭುತ್ವದ ಭವಿಷ್ಯ, ವಿಜ್ಞಾನ ಮತ್ತು ಮಾನವ, ಪಂಪನ ಕಾವ್ಯಸೌಂದರ್ಯ, ಇವು ನಮ್ಮ ಪುಟಗಳಿಗೆ ಒಪ್ಪುವ ಶೀರ್ಷಿಕೆಗಳು. ಅವುಗಳ ನಡುವೆ ನಾನು ಮೂರು ವರ್ಷದ ಮಕ್ಕಳ ಚಿತ್ರದ ಪುಸ್ತಕಗಳ ಮಾತೆತ್ತಿದರೆ ಕೆಲವು ಮಿತ್ರರು ನಗಬಹುದು. ನಗಲಿ. ಆದರೆ ಮುಂದೊಂದು ದಿನ ಪಂಪನನ್ನು ಓದಬೇಕಾದ ಕಣ್ಣು ಪುಸ್ತಕದ ಮೇಲೆ ಮೊದಲು ಬೀಳುವುದು ಎಲ್ಲಿ, ಯಾರ ಜೊತೆಯಲ್ಲಿ ಎಂಬುದನ್ನು ಒಂದು ಕ್ಷಣ ಯೋಚಿಸಿ ಆಮೇಲೆ ನಗಲಿ ಎಂದು ನನ್ನ ವಿನಂತಿ.

ಈ ವಿಷಯ ನನ್ನ ತಲೆಗೆ ಬಂದದ್ದು ಒಂದು ಸೋಲಿನಿಂದ. ಕಳೆದ ದಸರಾ ರಜೆಯಲ್ಲಿ ಊರಿಗೆ ಹೋದಾಗ, ಅಕ್ಕನ ಮಗನಿಗೆಂದು ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪುಸ್ತಕ ಕೊಂಡೆ. ಪುಟಕ್ಕೆ ಹನ್ನೆರಡು ಚಿತ್ರ, ಒಂದೊಂದರ ಕೆಳಗೆ ಒಂದೊಂದು ಹೆಸರು. ಮೂರು ವರ್ಷದ ಆ ಹುಡುಗನನ್ನು ಎದುರಿಗೆ ಕೂರಿಸಿಕೊಂಡು, "ಇದೇನು? ಇದರ ಬಣ್ಣ ಯಾವುದು? ಇದು ಯಾವ ಅಕ್ಷರ?" ಎಂದು ಪ್ರಶ್ನೆ ಆರಂಭಿಸಿದೆ. ಪದವಿ ತರಗತಿಯಲ್ಲಿ ಓದುವ ಮಾವನೆಂಬ ಗತ್ತು ಬೇರೆ! ಮೊದಲ ದಿನ ಹುಡುಗ ಉತ್ತರ ಹೇಳಿದ. ಎರಡನೆಯ ದಿನ ಆಕಳಿಸಿದ. ಮೂರನೆಯ ದಿನ ನಾನು ಕರೆದ ಕೂಡಲೆ, "ಬುಕ್ ಬ್ಯಾಡ ಮಾಮ" ಎಂದು ಅಳುತ್ತಾ ಹಿತ್ತಿಲಿಗೆ ಓಡಿದ. ಪುಸ್ತಕವನ್ನು ಚಾಪೆಯ ಸುರುಳಿಯೊಳಗೆ ಅವನೇ ಬಚ್ಚಿಟ್ಟಿದ್ದನೆಂದು ಆಮೇಲೆ ತಿಳಿಯಿತು. ಮೂರೇ ದಿನದಲ್ಲಿ ಒಂದು ಮಗುವಿಗೆ ಪುಸ್ತಕದ ಭಯ ಹುಟ್ಟಿಸಿದ ಕೀರ್ತಿ ನನ್ನದಾಯಿತು.

ನನ್ನ ಚೀಲದಲ್ಲಿ ಗೆಳೆಯನೊಬ್ಬನಿಂದ ತಂದಿದ್ದ ಇನ್ನೊಂದು ಪುಸ್ತಕವಿತ್ತು. ಅದು ಅಶೋಕ್ ರಾಜಗೋಪಾಲನ್ ಅವರ 'ಗಜಪತಿ ಕುಲಪತಿ', ನೆಗಡಿಯಾಗಿ ಸೀನುವ ಒಂದು ಆನೆಯ ಕಥೆ. ಬೇಸರದಿಂದ ಅದನ್ನು ಜಗಲಿಯ ಮೇಲೆ ಎಸೆದು ಪೇಟೆಗೆ ಹೋದೆ. ಸಂಜೆ ಹಿಂತಿರುಗಿದಾಗ ಕಂಡ ನೋಟವನ್ನು ನಾನು ಮರೆಯಲಾರೆ. ಜಗಲಿಯ ಮೇಲೆ ನನ್ನ ತಾಯಿ ಕುಳಿತಿದ್ದಾರೆ; ಮಡಿಲಲ್ಲಿ ಮೊಮ್ಮಗ; ಅವನ ಮಡಿಲಲ್ಲಿ ಪುಸ್ತಕ. "ಅಯ್ಯೋ, ಆನೆಗೆ ನೆಗಡಿ ಆಗೈತೆ ಕಣ್ಲಾ ಮಗ. ಶುಂಠಿ ಕಷಾಯ ಕುಡುಸ್ಬೇಕು. ಇಷ್ಟು ದೊಡ್ಡ ಸೊಂಡ್ಲಿಗೆ ಎಷ್ಟು ಕೊಡ ಕಷಾಯ ಬೇಕು ಯೋಳು?" ಎಂದು ಅವರು ಕೇಳುತ್ತಿದ್ದಾರೆ. ಹುಡುಗ ಬೆರಳು ಮಡಿಸಿ ಕೊಡಗಳನ್ನು ಎಣಿಸುತ್ತಿದ್ದಾನೆ. ಆಮೇಲೆ ಇಬ್ಬರೂ ಸೇರಿ ಆನೆಯ ಸೀನನ್ನು ಸೀನಿ ನಕ್ಕರು.

ನನ್ನ ತಾಯಿಗೆ ಅಕ್ಷರ ಬಾರದು. ಇಂದಿಗೂ ಹೆಬ್ಬೆಟ್ಟು ಒತ್ತುವವರು. ನನ್ನನ್ನು ಕಂಡೊಡನೆ ಅವರು ಪುಸ್ತಕವನ್ನು ಮುಚ್ಚಿ, ತಪ್ಪು ಮಾಡಿದವರಂತೆ, "ಸುಮ್ನೆ ನೋಡ್ತಿದ್ದೆ ಕಣಪ್ಪ" ಎಂದು ಬದಿಗಿಟ್ಟರು. ನಮ್ಮ ಮನೆಗೆ ಪುಸ್ತಕಗಳು ಬರಲಾರಂಭಿಸಿ ಹದಿನೈದು ವರ್ಷಗಳಾಗಿವೆ. ಆ ಹದಿನೈದು ವರ್ಷಗಳಲ್ಲಿ ಅವರು ಅವುಗಳ ಧೂಳು ಒರೆಸಿದ್ದಾರೆ, ಮಳೆ ಬಂದಾಗ ಒಳಗಿಟ್ಟಿದ್ದಾರೆ. ಆದರೆ ತನಗೂ ಸಲ್ಲುವ ವಸ್ತುವೆಂದು ಒಂದನ್ನೂ ತೆರೆದದ್ದನ್ನು ನಾನು ಕಂಡಿರಲಿಲ್ಲ. ಅಂದು ತೆರೆದರು.

ಚಿತ್ರಪುಸ್ತಕದ ವಿಷಯದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ಅಕ್ಷರ ಬಲ್ಲವರೂ ಬಾರದವರೂ ಸಮಾನವಾಗಿ ಕುಳಿತು ಓದಬಹುದಾದ ಪುಸ್ತಕ ಇದೊಂದೇ. ನಮ್ಮ ಕಾಲೇಜಿನಲ್ಲಿ ಮನೆಯ ಮೊದಲ ಪದವೀಧರರಾಗಲಿರುವವರು ಎಷ್ಟು ಮಂದಿ ಇಲ್ಲ! ಅಂಥ ಮನೆಗಳಲ್ಲಿ ಹಿರಿಯರಿಗೂ ಮಕ್ಕಳಿಗೂ ಪುಸ್ತಕದ ಬಾಗಿಲು ಒಟ್ಟಿಗೆ ತೆರೆಯುವ ಕೀಲಿ ಇದು. ಆದುದರಿಂದ ಇದನ್ನು ಆಟಿಕೆಯೆಂದು ಕಡೆಗಣಿಸದೆ, ವಿವೇಚನೆಯಿಂದ ಆರಿಸಬೇಕು, ತಾಳ್ಮೆಯಿಂದ ಓದಬೇಕು.

ಚಿತ್ರದ ಮೂಲಕ ಮಗುವಿಗೆ ಕಲಿಸುವ ವಿಚಾರ ಹೊಸದಲ್ಲ. ಕೊಮೇನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನಲ್ಲಿ 'ಆರ್ಬಿಸ್ ಪಿಕ್ಟಸ್' ಎಂಬ ಸಚಿತ್ರ ಪಠ್ಯವನ್ನು ಪ್ರಕಟಿಸಿದನು. ಮರದಚ್ಚಿನ ಚಿತ್ರಗಳು, ಅವುಗಳಲ್ಲಿ ಅಂಕೆಗಳು, ಆ ಅಂಕೆಗಳಿಗೆ ಸರಿಯಾಗಿ ಲ್ಯಾಟಿನ್ ಮತ್ತು ಜರ್ಮನ್ ಮಾತುಗಳು. ನಮ್ಮಲ್ಲಿಯೂ ಮಕ್ಕಳ ಸಾಹಿತ್ಯಕ್ಕೆ ಬಡತನವಿಲ್ಲ. ಪಂಜೆ ಮಂಗೇಶರಾಯರೂ ಜಿ.ಪಿ. ರಾಜರತ್ನಂ ಅವರೂ ಕಿವಿಗೆ ಹಬ್ಬವಾಗುವ ಪದ್ಯಗಳನ್ನು ಕೊಟ್ಟರು. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲಪ್ರಪಂಚ'ದ ಸಂಪುಟಗಳನ್ನು ಸಿದ್ಧಪಡಿಸಿ ಲೋಕವನ್ನೇ ಮಕ್ಕಳ ಮುಂದಿಟ್ಟರು. ಆದರೆ ಕಿವಿಗೆ ದೊರೆತಷ್ಟು ಸಮೃದ್ಧಿ ಕಣ್ಣಿಗೆ ದೊರೆಯಲಿಲ್ಲ. ಬಣ್ಣದ ಮುದ್ರಣ ದುಬಾರಿಯಾದದ್ದು ಇದಕ್ಕೆ ಒಂದು ಕಾರಣವೆನ್ನಬೇಕು.

ಈ ಕಷ್ಟಕ್ಕೆ ಒಂದು ಜಾಣ ಉಪಾಯವೂ ಉಂಟು. ಬಣ್ಣದ ಪುಟವನ್ನು ನಾಲ್ಕು ಅಚ್ಚುಗಳಲ್ಲಿ ಮುದ್ರಿಸುತ್ತಾರೆ. ಅಕ್ಷರಗಳನ್ನು ಕಪ್ಪಿನ ಅಚ್ಚಿನಲ್ಲಿ ಮಾತ್ರ ಇರಿಸಿದರೆ, ಭಾಷೆ ಬದಲಾದಾಗ ಆ ಒಂದು ಅಚ್ಚು ಬದಲಾದರೆ ಸಾಕು; ಉಳಿದ ಮೂರೂ ಎಲ್ಲ ಭಾಷೆಗಳಿಗೂ ಒದಗುತ್ತವೆ. ಹೀಗೆ ಚಿತ್ರದ ಖರ್ಚನ್ನು ಹಲವು ಭಾಷೆಗಳು ಹಂಚಿಕೊಳ್ಳಬಹುದು. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟಿನ 'ನೆಹರೂ ಬಾಲ ಪುಸ್ತಕಾಲಯ' ಮಾಲೆಯ ಒಂದೇ ಪುಸ್ತಕ ಹಲವು ಭಾರತೀಯ ಭಾಷೆಗಳಲ್ಲಿ ಸುಲಭ ಬೆಲೆಗೆ ಬಂದಿತು. ಚೆನ್ನೈನ ತೂಲಿಕಾ ಪ್ರಕಾಶನ 1996ರಿಂದ, ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಿಂದ ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ಹೊರತರುತ್ತಿವೆ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಪುಸ್ತಕಗಳನ್ನು ದುಡ್ಡು ಕೊಡದೆಯೇ ಓದಬಹುದು, ಪ್ರಿಂಟು ತೆಗೆದುಕೊಳ್ಳಲೂಬಹುದು.

ಇನ್ನು ಯಾವ ಪುಸ್ತಕಗಳು ಎಂಬ ಪ್ರಶ್ನೆ. ಮೇಲೆ ಹೇಳಿದ ಆನೆಯನ್ನು ಮೊದಲು ಇಡುತ್ತೇನೆ. ಮಗುವಿಗೆ ತಾನೂ ಕೂಗಿ ಸೇರಿಕೊಳ್ಳಲು ಅವಕಾಶವಿರುವ ಕಥೆ ಅದು. ಎರಡನೆಯದು, ನಂದಿನಿ ನಾಯರ್ ಬರೆದು ಪ್ರೊಯಿತಿ ರಾಯ್ ಚಿತ್ರ ರಚಿಸಿರುವ ತೂಲಿಕಾದ ಒಂದು ಪುಸ್ತಕ. ತಾಯಿ ಚಪಾತಿ ಮಾಡುವಾಗ ಮಗನಿಗೊಂದು ಹಿಟ್ಟಿನ ಉಂಡೆ ಕೊಡುತ್ತಾಳೆ. ಅದು ಅವನ ಕೈಯಲ್ಲಿ ಹಾವಾಗುತ್ತದೆ, ಇಲಿಯಾಗುತ್ತದೆ, ಇನ್ನೂ ಏನೇನೋ ಆಗುತ್ತದೆ. ಇದನ್ನು ಓದಿದ ಮರುದಿನ ನಮ್ಮ ಮನೆಯಲ್ಲಿ ರಾಗಿಹಿಟ್ಟಿನ ಹಾವೊಂದು ಹುಟ್ಟಿತು. ಮೂರನೆಯದು, ಸಂಧ್ಯಾ ರಾವ್ ಬರೆದಿರುವ, ಅಮ್ಮನ ಸೀರೆಯ ಕುರಿತ ಪುಸ್ತಕ. ಸೀರೆಯೊಳಗೆ ಅಡಗಿ ಆಡದ ಮಗು ನಮ್ಮ ನಾಡಿನಲ್ಲಿ ಉಂಟೆ? ನಾಲ್ಕನೆಯದು, ರೋಹಿಣಿ ನಿಲೇಕಣಿಯವರು 'ನೋನಿ' ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆ. ವರ್ಷಕ್ಕೊಮ್ಮೆ ಮಾತ್ರ ಕೂದಲು ಕತ್ತರಿಸಿಕೊಳ್ಳುವ ಈ ಮಹಾನುಭಾವನಿಗೆ ಆ ದಿನ ಕತ್ತರಿ ಹಿಡಿಯಲು ಯಾರಿಗೂ ಬಿಡುವಿಲ್ಲ! ಕೊನೆಗೆ ಏನಾಯಿತೆಂದು ನಾನು ಹೇಳುವುದಿಲ್ಲ; ಮಗುವೊಂದನ್ನು ಜೊತೆಗಿಟ್ಟುಕೊಂಡು ತಿಳಿಯಿರಿ.

ಹೊರನಾಡಿನದೂ ಒಂದಿರಲಿ. ಅಮೆರಿಕದ ಎರಿಕ್ ಕಾರ್ಲ್ 1969ರಲ್ಲಿ ಪ್ರಕಟಿಸಿದ ಹಸಿದ ಕಂಬಳಿಹುಳುವಿನ ಪುಸ್ತಕದಲ್ಲಿ, ಹುಳು ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾದ ತೂತುಗಳಿವೆ. ಮಗುವಿನ ಬೆರಳು ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಎಣಿಕೆಯೂ ವಾರದ ದಿನಗಳೂ ಹುಳು ಚಿಟ್ಟೆಯಾಗುವ ಸೋಜಿಗವೂ ಪಾಠವೆನ್ನಿಸದೆ ಒಳಗಿಳಿಯುತ್ತವೆ. ಮಾತು ಇಂಗ್ಲಿಷಿನದಾದರೆ ಏನಾಯಿತು? ತೂತಿಗೆ ಯಾವ ಭಾಷೆ? ಕನ್ನಡದಲ್ಲೇ ಕಥೆ ಹೇಳಿಕೊಂಡು ಹೋದರಾಯಿತು.

ಆರಿಸುವಾಗ ಬೇಡವೆನ್ನಬೇಕಾದವೂ ಇವೆ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕೊಂಡಂಥ, ಕಥೆಯೇ ಇಲ್ಲದೆ ಚಿತ್ರಗಳನ್ನು ಸಂತೆಯಂತೆ ತುಂಬಿದ ಪುಸ್ತಕದಲ್ಲಿ ಮಗುವಿನ ಕಣ್ಣಿಗೆ ನಿಲ್ಲಲು ನೆಲೆಯಿಲ್ಲ. ಕೊನೆಯ ಪುಟದಲ್ಲಿ 'ನೀತಿ' ಎಂಬ ಬಾಲ ಅಂಟಿಸಿದ ಪುಸ್ತಕವೂ ನನಗೆ ಹಿಡಿಸದು. ಕಥೆ ಚೆನ್ನಾಗಿದ್ದರೆ ನೀತಿ ಒಳಗೇ ಇರುತ್ತದೆ, ಚೆನ್ನಾಗಿಲ್ಲದಿದ್ದರೆ ಬಾಲದಿಂದ ಬದುಕುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಒಳ್ಳೆಯವರೆಲ್ಲ ಬೆಳ್ಳಗೆ, ಕಳ್ಳರೂ ರಾಕ್ಷಸರೂ ಮಾತ್ರ ಕಪ್ಪಗೆ ಇರುವ ಪುಸ್ತಕಗಳನ್ನು ಅಂಗಡಿಯಲ್ಲಿಯೇ ಬಿಟ್ಟು ಬನ್ನಿ. ಬಿಸಿಲಿನಲ್ಲಿ ದುಡಿದು ಕಪ್ಪಾದ ಅಪ್ಪನ ಹೆಗಲೇರಿ ಕುಳಿತ ಮಗುವಿಗೆ ಆ ಚಿತ್ರ ಏನು ಕಲಿಸುತ್ತದೆಂದು ಯಾರೂ ವಿವರಿಸಬೇಕಾಗಿಲ್ಲ.

ಓದುವ ಕ್ರಮದ ಬಗ್ಗೆ, ನನ್ನ ಸೋಲು ಮತ್ತು ನನ್ನ ತಾಯಿಯ ಗೆಲುವು ಎರಡನ್ನೂ ಕಂಡ ಮೇಲೆ, ಮೂರು ಮಾತು ಹೇಳಬಲ್ಲೆ. ಮೊದಲನೆಯದು, ಮಗುವನ್ನು ಎದುರಿಗೆ ಕೂರಿಸಬೇಡಿ, ಮಡಿಲಲ್ಲಿ ಕೂರಿಸಿಕೊಳ್ಳಿ. ಎದುರಿಗೆ ಕುಳಿತವನು ಪರೀಕ್ಷಕ. ಪಕ್ಕದಲ್ಲಿ ಕುಳಿತವನು ಜೊತೆಗಾರ. ಎರಡನೆಯದು, ಪುಟ ತಿರುವುವ ಅಧಿಕಾರ ಮಗುವಿನದಾಗಿರಲಿ. ಒಂದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಹತ್ತು ಸಲವೂ ಓದಿ; ಹಾಳೆ ಹರಿದರೆ ಬೈಯದೆ ಅಂಟಿಸಿ. ಮೂರನೆಯದು, ಪುಸ್ತಕದ ಭಾಷೆಯನ್ನು ಮನೆಯ ಮಾತಿಗೆ ತಿರುಗಿಸಿಕೊಳ್ಳಲು ಸಂಕೋಚ ಬೇಡ. 'ಹೋಗುತ್ತಿದ್ದಾನೆ' ಎಂದು ಅಚ್ಚಾಗಿದ್ದರೆ 'ಹೋಯ್ತಾವ್ನೆ' ಎಂದು ಓದಿದರೆ ಸರಸ್ವತಿ ಮುನಿಯುವುದಿಲ್ಲ. ಅಚ್ಚಿನ ಮಾತು ಮುಂದೆ ಶಾಲೆಯಲ್ಲಿ ಹೇಗೂ ಬರುತ್ತದೆ. ಪುಸ್ತಕ ತನ್ನದೆಂಬ ಭಾವ ಮೊದಲು ಬರಲಿ.

ಈ ವಿಚಾರವನ್ನು ಪ್ರಸ್ತಾಪಿಸಿದಾಗ ಹಿರಿಯ ಅಧ್ಯಾಪಕರೊಬ್ಬರು ಒಂದು ಆಕ್ಷೇಪವನ್ನೆತ್ತಿದರು. ಅಜ್ಜಿ ಹೇಳುವ ಕಥೆಯಲ್ಲಿ ಮಗು ತನ್ನ ರಾಕ್ಷಸನನ್ನು ತಾನೇ ಕಲ್ಪಿಸಿಕೊಳ್ಳುತ್ತದೆ. ಚಿತ್ರ ಕೊಟ್ಟರೆ ಕಲ್ಪನೆ ಮೊಂಡಾಗುವುದಿಲ್ಲವೆ ಎಂದು. ಇದು ತಳ್ಳಿಹಾಕುವ ಮಾತಲ್ಲ. ಅಜ್ಜಿಕಥೆಗೆ ಬದಲಾಗಿ ಚಿತ್ರಪುಸ್ತಕ ಬರಬೇಕೆಂದು ನಾನೂ ಹೇಳುವುದಿಲ್ಲ. ಆದರೆ ನಮ್ಮ ಜಗಲಿಯಲ್ಲಿ ನಾನು ಕಂಡದ್ದು ಬೇರೆ. ಚಿತ್ರ ಅಜ್ಜಿಯ ಬಾಯಿ ಕಟ್ಟಲಿಲ್ಲ, ಬಿಡಿಸಿತು. ಶುಂಠಿ ಕಷಾಯದ ಕೊಡಗಳು ನಮ್ಮ ತಾಯಿಯವು. ಒಳ್ಳೆಯ ಚಿತ್ರ ಎಲ್ಲವನ್ನೂ ತಾನೇ ಹೇಳದೆ ಒಂದಿಷ್ಟು ಜಾಗ ಬಿಟ್ಟಿರುತ್ತದೆ. ಆ ಜಾಗದಲ್ಲಿ ಅಜ್ಜಿಯೂ ಮೊಮ್ಮಗನೂ ಕಥೆ ಕಟ್ಟುತ್ತಾರೆ. ಇಂದು ಅಜ್ಜಿಕಥೆಗೆ ನಿಜವಾದ ಎದುರಾಳಿ ಮಗುವಿನ ಕೈಗೆ ಕೊಟ್ಟು ನಾವು ಎದ್ದುಹೋಗುವ ಮೊಬೈಲು. ಅದು ಯಾರ ಮಡಿಲನ್ನೂ ಕೇಳುವುದಿಲ್ಲ.

ಖರ್ಚಿನ ಮಾತೂ ಬರಬಹುದು. ಹೋಟೆಲಿನ ಒಂದು ಮಸಾಲೆದೋಸೆಯ ಬೆಲೆಯ ಆಸುಪಾಸಿನಲ್ಲಿ ಸಿಗುವ ಚಿತ್ರಪುಸ್ತಕಗಳಿವೆ. ಅದೂ ಸಾಧ್ಯವಿಲ್ಲದಿದ್ದರೆ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಆ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ನಮ್ಮ ಊರುಗಳ ಎಷ್ಟು ಮಕ್ಕಳು ಆ ಬಾಗಿಲು ದಾಟಿದ್ದಾರೆ, ದಾಟಿಸಲು ನಾವೇನು ಮಾಡಿದ್ದೇವೆ ಎಂದು ನಮ್ಮನ್ನೇ ಕೇಳಿಕೊಳ್ಳಬೇಕು.

ಕೊನೆಯದಾಗಿ ಅಧ್ಯಾಪಕವರ್ಗದವರಲ್ಲಿ ಒಂದು ಬಿನ್ನಹ. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಒಂದೇ ಒಂದು ಚಿತ್ರಪುಸ್ತಕವೂ ಇಲ್ಲ. ನಮ್ಮಲ್ಲಿ ಅನೇಕರು ನಾಳೆ ಶಿಕ್ಷಕರಾಗುವವರು, ಎಲ್ಲರೂ ಒಂದಲ್ಲ ಒಂದು ಮಗುವಿಗೆ ಮಾವ, ಅತ್ತೆ, ಚಿಕ್ಕಮ್ಮ, ದೊಡ್ಡಪ್ಪ ಆಗುವವರು. ಇಪ್ಪತ್ತೇ ಪುಸ್ತಕಗಳ ಒಂದು ಕಪಾಟನ್ನು ಅಲ್ಲಿ ಇಡಿಸಿ, ಶನಿವಾರ ಊರಿಗೆ ಹೋಗುವ ವಿದ್ಯಾರ್ಥಿಗಳು ಒಂದೊಂದನ್ನು ಕೊಂಡೊಯ್ದು ಸೋಮವಾರ ತಂದೊಪ್ಪಿಸುವ ಏರ್ಪಾಡು ಮಾಡಬಾರದೆ? ಹಾಳೆಗಳ ಮೇಲೆ ಎಣ್ಣೆಯ ಕೈಗುರುತು ಬಿದ್ದು ಬಂದರೆ ದಯವಿಟ್ಟು ದಂಡ ಹಾಕಬೇಡಿ. ಪುಸ್ತಕವು ಹೋಗಬೇಕಾದ ಕಡೆಗೆ ಹೋಗಿ ಬಂದಿತೆನ್ನಲು ಅದೇ ರುಜು.

ಸಂಕ್ರಾಂತಿಗೆ ಊರಿಗೆ ಹೊರಟಾಗ ಅಮ್ಮನಿಗೆ ಫೋನ್ ಮಾಡಿ ಏನು ತರಲೆಂದು ಕೇಳಿದೆ. ಪ್ರತಿಸಲವೂ "ಏನೂ ಬ್ಯಾಡ, ನೀ ಬಾ" ಎನ್ನುವವರು ಈ ಸಲ ಸ್ವಲ್ಪ ತಡೆದು ಹೇಳಿದರು: "ಮಗೀಗೆ ಅಂತ ಇನ್ನೊಂದು ಬುಕ್ಕು ತತ್ತೀಯೇನಪ್ಪ?"

ಮಗುವಿಗೆ ಎಂದರು. ನಾನು ಇಬ್ಬರಿಗೂ ಆಗುವಂಥದನ್ನೇ ಕೊಂಡೊಯ್ದೆ.