ಬಚ್ಚಲಮನೆಯ ಬಿಸಿನೀರು: ಅನಿಲವೋ, ವಿದ್ಯುತ್ತೋ?

ಮಾರ್ಗಶಿರದ ಚಳಿ ಕಾಲಿಟ್ಟಿತೆಂದರೆ ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ಒಂದು ವಾಗ್ವಾದ ಆರಂಭವಾಗುತ್ತದೆ. ಹಳೆಯ ಗೀಸರು ಸೋರುತ್ತಿದೆ, ಹೊಸದನ್ನು ಕೊಳ್ಳಬೇಕು. ಯಜಮಾನರು ವಿದ್ಯುತ್ತಿನ ಬಿಲ್ಲನ್ನು ಕೈಯಲ್ಲಿ ಹಿಡಿದು, ಈ ಸಲ ಗ್ಯಾಸಿನದೇ ಆಗಲಿ ಎನ್ನುತ್ತಾರೆ. ಸ್ನಾನದ ಕೋಣೆಯಲ್ಲಿ ಬೆಂಕಿ ಉರಿಯುವುದೆಂದರೆ ಗೃಹಿಣಿಗೆ ಅಳುಕು. ಕಾಲೇಜಿಗೆ ಹೋಗುವ ಮಗನಿಗೆ ನಲ್ಲಿ ತಿರುಗಿಸಿದೊಡನೆ ನೀರು ಬಿಸಿಯಾಗಿ ಬಂದರೆ ಸಾಕು. ತಾಮ್ರದ ಹಂಡೆಯ ನೀರಿನ ಹಿತ ಇವೆರಡಕ್ಕೂ ಇಲ್ಲವೆಂದು ಅಜ್ಜಿ ತೀರ್ಪು ಕೊಟ್ಟುಬಿಡುತ್ತಾರೆ. ಆ ತೀರ್ಪನ್ನು ನಕ್ಕು ತಳ್ಳಿಹಾಕುವ ಮೊದಲು ಸ್ವಲ್ಪ ಯೋಚಿಸಬೇಕಾಗಿದೆ.

ಹಣದ ಲೆಕ್ಕ ತೋರುವಷ್ಟು ಕಠಿಣವಲ್ಲ. 20 ಲೀಟರಿನ ಒಂದು ಬಕೆಟ್ ನೀರಿನ ಶಾಖವನ್ನು 20 ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ತು ಬೇಕು. ಅದೇ ಕೆಲಸಕ್ಕೆ ಗ್ಯಾಸ್ ಗೀಸರು ಉರಿಸುವ ಅನಿಲ ಸುಮಾರು 45 ಗ್ರಾಂ. ಎಂದರೆ, 14.2 ಕಿಲೋಗ್ರಾಂ ತೂಕದ ಒಂದು ಸಿಲಿಂಡರು ಹೆಚ್ಚು ಕಡಿಮೆ 300 ಬಕೆಟ್ ನೀರು ಕಾಯಿಸುತ್ತದೆ. ಅದು 150 ಯೂನಿಟ್ ವಿದ್ಯುತ್ತಿಗೆ ಸಮ. ತಾವು ಒಂದು ಯೂನಿಟ್ಟಿಗೆ ತೆರುವ ಹಣವನ್ನು 150ರಿಂದ ಗುಣಿಸಿ ಸಿಲಿಂಡರಿನ ಬೆಲೆಯೊಡನೆ ಹೋಲಿಸಿದರೆ ಯಾವುದು ಅಗ್ಗವೆಂಬುದು ಐದು ನಿಮಿಷದಲ್ಲಿ ತಿಳಿದುಹೋಗುತ್ತದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಸೇರಿದ ಮನೆಗಳವರು ಮಾತ್ರ, ಹೊಸ ಗೀಸರಿನಿಂದ ತಿಂಗಳ ಬಳಕೆ 200 ಯೂನಿಟ್ಟಿನ ಗೆರೆಯನ್ನು ದಾಟೀತೇ ಎಂಬುದನ್ನೂ ನೋಡಿಕೊಳ್ಳಬೇಕು.

ವೇಗದಲ್ಲಿ ಅನಿಲವನ್ನು ಮೀರಿಸುವುದು ಕಷ್ಟ. 15 ಲೀಟರಿನ, 2 ಕಿಲೋವ್ಯಾಟಿನ ವಿದ್ಯುತ್ ಗೀಸರು ತನ್ನ ಹೊಟ್ಟೆಯ ನೀರನ್ನು ಚೆನ್ನಾಗಿ ಕಾಯಿಸಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ. ನಿಮಿಷಕ್ಕೆ ಆರು ಲೀಟರು ಕೊಡುವ ಗ್ಯಾಸ್ ಗೀಸರಾದರೋ ಅಂತಹ ಐದು ಗೀಸರುಗಳ ಶಕ್ತಿಯನ್ನು ಒಂದೇ ಜ್ವಾಲೆಯಲ್ಲಿ ತೋರುತ್ತದೆ. ವಿದ್ಯುತ್ತು ಹೋದರೂ ತನ್ನ ಶುಷ್ಕಕೋಶಗಳ ಕಿಡಿಯಿಂದಲೇ ಹೊತ್ತಿಕೊಳ್ಳುತ್ತದೆ. ಬೆಳಗ್ಗೆ ಆರು ಜನ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ನಿಲ್ಲುವ ಮನೆಯಲ್ಲಿ ಇದು ಸಣ್ಣ ಅನುಕೂಲವಲ್ಲ.

ಆದರೆ ಅಷ್ಟು ಶಕ್ತಿಯ ಜ್ವಾಲೆ ಅಷ್ಟೇ ಗಾಳಿಯನ್ನೂ ಬೇಡುತ್ತದೆ. ಐದಡಿ ಅಗಲ, ಆರಡಿ ಉದ್ದ, ಒಂಬತ್ತಡಿ ಎತ್ತರದ ಸ್ನಾನದ ಕೋಣೆಯನ್ನು ಊಹಿಸಿಕೊಳ್ಳಿ. ಹತ್ತು ನಿಮಿಷ ಗೀಸರು ಉರಿಯಬೇಕಾದರೆ ಆ ಕೋಣೆಯ ಗಾಳಿಯಲ್ಲಿ ಕಾಲು ಪಾಲಿಗೂ ಮಿಗಿಲಾದದ್ದು ಬೇಕು. ಕಿಟಕಿ ಮುಚ್ಚಿ, ಚಿಲಕ ಹಾಕಿದ್ದರೆ ಆಮ್ಲಜನಕ ಇಳಿಯುತ್ತ ಹೋಗುತ್ತದೆ. ಅನಿಲ ಪೂರ್ತಿಯಾಗಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಆಸಕ್ತಿಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು. ಬಳಿಕ ಕಾಲುಗಳ ಬಲ ಉಡುಗುತ್ತದೆ. ಮೂರು ಹೆಜ್ಜೆ ದೂರದ ಚಿಲಕ ಕೈಗೆಟಕುವುದಿಲ್ಲ.

ಅನೇಕರು ಮೋಸಹೋಗುವುದು ಮೂಗನ್ನು ನಂಬಿ. ಗ್ಯಾಸು ಸೋರಿದರೆ ವಾಸನೆ ಬಾರದೆ ಇರುತ್ತದೆಯೇ ಎಂದು ಅವರು ಕೇಳುವುದುಂಟು. ಅಡಿಗೆ ಅನಿಲಕ್ಕೆ ಆ ನಾತವನ್ನು ಬೇಕೆಂದೇ ಬೆರೆಸಿರುತ್ತಾರೆ; ಉರಿಯುವಾಗ ಅದೂ ಸುಟ್ಟುಹೋಗುತ್ತದೆ. ಹುಟ್ಟುವ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಅಜ್ಜಿಯ ಹಂಡೆಯ ಗುಣ ಇಲ್ಲಿ ಕಾಣುತ್ತದೆ. ಎಷ್ಟೋ ಹಳೆಯ ಮನೆಗಳಲ್ಲಿ ಬಚ್ಚಲೊಲೆಯ ಬಾಯಿ ಗೋಡೆಯ ಆಚೆಗಿರುತ್ತಿತ್ತು. ಒಳಗಿದ್ದರೂ ಹೆಂಚಿನ ಸಂದುಗಳಿದ್ದವು, ಬೆಳಕಿಂಡಿ ಇತ್ತು. ಹೊಗೆ ಹೆಚ್ಚಾದರೆ ಕಣ್ಣು ಉರಿದು ಮನುಷ್ಯ ತಾನಾಗಿಯೇ ಹೊರಗೆ ಓಡುತ್ತಿದ್ದ. ನೀಲಿ ಜ್ವಾಲೆಗೆ ಅಂತಹ ಸೌಜನ್ಯವಿಲ್ಲ.

ಆದುದರಿಂದ ಗ್ಯಾಸ್ ಗೀಸರು ಕೊಳ್ಳುವವರು ಕೇಳಬೇಕಾದ ಪ್ರಶ್ನೆ, ಬೆಲೆಗಿಂತ ಮೊದಲು, ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದು. ಗೀಸರು, ಸಿಲಿಂಡರು ಎರಡೂ ಗಾಳಿಯಾಡುವ ಹಿತ್ತಿಲಲ್ಲೋ ತೆರೆದ ಬಾಲ್ಕನಿಯಲ್ಲೋ ಇದ್ದು, ಬಿಸಿನೀರಿನ ಕೊಳವೆಯೊಂದೇ ಒಳಕ್ಕೆ ಬರತಕ್ಕದ್ದು. ಅಂತಹ ಸ್ಥಳವಿಲ್ಲದ ಮನೆಗೆ ಗ್ಯಾಸಿನದು ತಕ್ಕುದಲ್ಲ; ಎಷ್ಟೇ ಅಗ್ಗವಾಗಿರಲಿ. ಗಾಳಿ ಹೊರದೂಡುವ ಫ್ಯಾನು ಇದೆಯೆಂಬ ಸಮಾಧಾನವೂ ಸಾಲದು: ಒಳಬರುವ ಗಾಳಿಗೆ ದಾರಿಯಿಲ್ಲದ ಕೋಣೆಯಲ್ಲಿ ಫ್ಯಾನು ತಾನೇ ಏನು ಮಾಡೀತು? ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಬಾಗಿಲು ಒಡೆಯಲು ಸಂಕೋಚಪಡದೆ, ಅನಿಲ ನಿಲ್ಲಿಸಿ, ಅವರನ್ನು ಬಯಲಿಗೆ ತಂದು, 108ಕ್ಕೆ ಕರೆ ಮಾಡಬೇಕು. ಎಚ್ಚರವಾದರೆಂದು ಆಸ್ಪತ್ರೆಯನ್ನು ತಪ್ಪಿಸಬಾರದು. ಅಲ್ಲಿ ದೊರೆಯುವ ಆಮ್ಲಜನಕವೇ ಚಿಕಿತ್ಸೆ.

ವಿದ್ಯುತ್ತೂ ಸಾಧುಪ್ರಾಣಿಯಲ್ಲ. ಸರಿಯಾದ ಅರ್ಥಿಂಗ್, 16 ಆಂಪಿಯರಿನ ಪ್ರತ್ಯೇಕ ಪ್ಲಗ್ಗು, ಸೋರಿಕೆಯಾದೊಡನೆ ಪ್ರವಾಹ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಒದ್ದೆ ಕೈಗೆ ಎಟಕದ ಸ್ವಿಚ್ಚು, ಇವಿಷ್ಟೂ ಇರಲೇಬೇಕು. ಒತ್ತಡ ಬಿಡುವ ವಾಲ್ವು ಹನಿಯುತ್ತಿದೆಯೆಂದು ಬಟ್ಟೆ ಸುತ್ತಿ ಬಿಗಿಯುವ ಜಾಣರಿದ್ದಾರೆ; ಅದು ಗೀಸರನ್ನು ಬಾಂಬು ಮಾಡುವ ವಿಧಾನ. ಕೊಳವೆಬಾವಿಯ ಗಡಸುನೀರಿದ್ದಲ್ಲಿ ಒಳಗೆ ಸುಣ್ಣ ಕಟ್ಟುತ್ತದೆ; ಆಗಾಗ ಬಿಚ್ಚಿಸಿ ಶುಚಿ ಮಾಡಿಸಿ, ತುಕ್ಕು ತಡೆಯುವ ಮೆಗ್ನೀಸಿಯಂ ಕಂಬಿ ಕರಗಿದ್ದರೆ ಬದಲಾಯಿಸಬೇಕು.

ಬಾಡಿಗೆದಾರರ ಕಷ್ಟ ಬೇರೆ. ಗೋಡೆ ಕೊರೆದು ಕೊಳವೆ ಹಾಯಿಸಲು ಮಾಲೀಕರು ಒಪ್ಪದಿದ್ದರೆ ಗ್ಯಾಸ್ ಗೀಸರನ್ನು ಒಳಗೇ ತೂಗುಹಾಕುವ ಆಸೆ ಸಹಜ. ಅದಕ್ಕಿಂತ ಸಣ್ಣದೊಂದು ವಿದ್ಯುತ್ ಗೀಸರನ್ನು ಕೊಂಡು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗುವುದು ಲೇಸು. ಮೂರನೆಯವರು ಸ್ನಾನಕ್ಕೆ ಇಪ್ಪತ್ತು ನಿಮಿಷ ಕಾಯಬೇಕಾದೀತು, ಅಷ್ಟೆ.