ನೆರೆಯವರೊಡನೆ ಆಡದ ರಣಜಿ

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಾಸರಕೋಡಿಗೆ ಬಂದಾಗಲೆಲ್ಲ ಅಲ್ಲಿಯ ಐಸ್ ಹಾಕಿಯ ಸುದ್ದಿ ಹೇಳದೆ ಹೋಗುವುದಿಲ್ಲ. ಆ ದೇಶದ ಏಳು ವೃತ್ತಿಪರ ತಂಡಗಳು ಅಮೆರಿಕದ ತಂಡಗಳೊಡನೆ ಬೇರೆ ಬೇರೆ ವಿಭಾಗಗಳಲ್ಲಿ ಹಂಚಿಹೋಗಿವೆ. ಕೊರೋನಾದಿಂದ ಗಡಿ ಮುಚ್ಚಿದ್ದ 2021ರಲ್ಲಿ ಮಾತ್ರ ಏಳನ್ನೂ ಒಂದೇ ವಿಭಾಗಕ್ಕೆ ಸೇರಿಸಿದರು. ಆ ವರ್ಷ ಟೊರಾಂಟೊ ಮತ್ತು ಮಾಂಟ್ರಿಯಲ್ ತಂಡಗಳು 1979ರ ನಂತರ ಮೊದಲ ಬಾರಿಗೆ ನಾಕೌಟ್ ಹಂತದಲ್ಲಿ ಎದುರಾದವು. ಮರುವರ್ಷವೇ ಹಳೆಯ ಹಂಚಿಕೆ ಮರಳಿತು. "ಆ ಒಂದು ವರ್ಷದ ಏರ್ಪಾಡೇ ಚೆನ್ನಾಗಿತ್ತು ಸರ್" ಎಂಬುದು ಅವನ ಕೊರಗು. ನಮ್ಮ ರಣಜಿಯ ಕಥೆಯೂ ಅದೇ ಅಲ್ಲವೇನಪ್ಪಾ ಎಂದೆ.

ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದದ್ದು 1934ರ ನವೆಂಬರ್ 4ರಂದು, ಚೆಪಾಕಿನಲ್ಲಿ, ಮದರಾಸು ಮತ್ತು ಮೈಸೂರುಗಳ ನಡುವೆ. ಮೈಸೂರು ಒಂದೇ ದಿನದಲ್ಲಿ ಸೋತಿತು. ಆದರೂ ನೆರೆಹೊರೆಯ ಈ ಸ್ಪರ್ಧೆಯೇ ಪಂದ್ಯಾವಳಿಯ ಜೀವಾಳವಾಯಿತು. 1957-58ರಿಂದ ವಲಯವಾರು ಲೀಗ್ ಬಂದ ಮೇಲೆ ದಕ್ಷಿಣದ ತಂಡಗಳು ವರ್ಷವರ್ಷವೂ ಪರಸ್ಪರ ಸೆಣಸಿದವು. 2002-03ರಲ್ಲಿ ಎಲೀಟ್, ಪ್ಲೇಟ್ ಎಂಬ ವಿಂಗಡಣೆ ಬಂದು ಈ ಲೀಗ್ ಅಳಿಯಿತು. ಫಲವೇನು? 2024-25ರಲ್ಲಿ ಕರ್ನಾಟಕದ ಗುಂಪಿನಲ್ಲಿದ್ದ ಹಳೆಯ ದಕ್ಷಿಣ ವಲಯದ ತಂಡ ಕೇರಳ ಒಂದೇ. ತಮಿಳುನಾಡು ಅಸ್ಸಾಂ, ಚಂಡೀಗಢಗಳೊಡನೆ ಬೇರೆ ಗುಂಪಿನಲ್ಲಿತ್ತು, ಹೈದರಾಬಾದ್, ಆಂಧ್ರಗಳು ಮತ್ತೊಂದರಲ್ಲಿ, ಗೋವಾ ಪ್ಲೇಟಿನಲ್ಲಿ.

ವಲಯಪದ್ಧತಿಯಲ್ಲಿ ದುರ್ಬಲ ತಂಡಗಳು ಬಲಿಷ್ಠರ ಕೈಗೆ ಸಿಕ್ಕಿ ನಲುಗುತ್ತಿದ್ದವು ಎಂಬುದು ಬದಲಾವಣೆಯ ಸಮರ್ಥಕರ ವಾದ. ಅದರಲ್ಲಿ ಸತ್ಯಾಂಶವಿತ್ತೆಂದು ಒಪ್ಪುತ್ತೇನೆ. ಆದರೆ ಅಂದು ದುರ್ಬಲವೆನಿಸಿದ್ದ ಕೇರಳ 2024-25ರಲ್ಲಿ ಫೈನಲ್ ಆಡಿತಲ್ಲ! ದಕ್ಷಿಣದ ಮಟ್ಟಿಗೆ ಆ ಕಾರಣವೇ ಕರಗಿತೆಂದ ಮೇಲೆ ಚಿಕಿತ್ಸೆಯನ್ನು ಮುಂದುವರಿಸುವುದೇಕೆ? ಈಶಾನ್ಯದ ಹೊಸ ತಂಡಗಳಿಗೆ ಪ್ಲೇಟ್ ಇರಲಿ. ಉಳಿದವು ಮೊದಲು ತಮ್ಮ ವಲಯದಲ್ಲಿ ಆಡಲಿ, ಪ್ರತಿ ವಲಯದಿಂದ ಒಂದಕ್ಕಿಂತ ಹೆಚ್ಚು ತಂಡಗಳು ಅಖಿಲ ಭಾರತ ಹಂತಕ್ಕೆ ಬರಲಿ. ಬಲಿಷ್ಠ ವಲಯಕ್ಕೆ ಆಗ ಅನ್ಯಾಯವಾಗದು.

ಇದು ಪ್ರಾಂತೀಯತೆ ಎನ್ನುವವರಿಗೂ ಒಂದು ಮಾತು. 2025ರಲ್ಲಿ ದುಲೀಪ್ ಟ್ರೋಫಿಯನ್ನು ಮತ್ತೆ ವಲಯಗಳಿಗೇ ಒಪ್ಪಿಸಿದರಲ್ಲ, ದೇಶದ ಏಕತೆಗೆ ಕುಂದೇನಾದರೂ ಬಂತೇ? ಅಲ್ಲಿ ಸರಿಯಾದದ್ದು ರಣಜಿಯಲ್ಲಿ ತಪ್ಪಾಗುವುದು ಹೇಗೆ?

ರಣಜಿ ಪಂದ್ಯಗಳ ಗ್ಯಾಲರಿ ಖಾಲಿಯೆಂದು ಎಲ್ಲರೂ ಹಲುಬುತ್ತಾರೆ. ನಮ್ಮೂರಿನ ಹುಡುಗರನ್ನು ಕೇಳಿ ನೋಡಿ. ದೂರದೂರಿನ ತಂಡ ಬಂದರೆ ದಂಡೆಯ ಮೇಲೆ ನಾಲ್ಕು ಜನ; ಶರಾವತಿಯ ಆಚೆ ದಡದ ಹೊನ್ನಾವರದವರು ಬಂದರೆ ಅಂಗಡಿ ಮುಚ್ಚಿ ಬರುವವರೂ ಉಂಟು. ಸೋತರೆ ಮರುದಿನ ಸಂತೆಯಲ್ಲಿ ಮುಖ ತೋರಿಸಬೇಕಲ್ಲ! ಆಟಕ್ಕೆ ಬಿಸಿ ಬರುವುದು ಆ ಹಂಗಿನಿಂದ. ನೆರೆಯವನನ್ನು ದೂರವಿಟ್ಟು ಪ್ರೇಕ್ಷಕನನ್ನು ಹುಡುಕಿದರೆ ಸಿಗುವುದಾದರೂ ಎಲ್ಲಿಂದ?