ಗೋಡೆಯ ಮುಂದೆ ಅರ್ಧ ಗಂಟೆ

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪಿನ ಬೆಳೆಗಾರನಿಗೆ ಬ್ಯಾರನ್‌ಗೆ ಬೆಂಕಿ ಹಾಕಿದ ದಿನದಿಂದ ನಿದ್ದೆಯಿಲ್ಲ. ಐದಾರು ದಿನ, ಹಗಲೂ ರಾತ್ರಿಯೂ, ಶಾಖ ಏರಿತೋ ಇಳಿಯಿತೋ ಎಂದು ಕಾಯಬೇಕು. ಸೊಪ್ಪು ಹದವಾಗಿ ಬಂದಿತೆಂದರೆ ಹರಾಜಿನ ಚಿಂತೆ. ಕೆ.ಆರ್. ನಗರದ ಭತ್ತದ ರೈತನಿಗೆ ನಾಲೆಯ ನೀರಿನದೇ ಧ್ಯಾನ. ಇಂಥವರ ಮುಂದೆ ಚಿತ್ರಕಲೆಯ ಮಾತೆತ್ತಿದರೆ ‘ಅದೆಲ್ಲ ಹೊಟ್ಟೆ ತುಂಬಿದವರಿಗೆ, ಸ್ವಾಮಿ’ ಎಂದಾರು.

ಆದರೆ ಹೊಟ್ಟೆಪಾಡಿನ ಜೊತೆಜೊತೆಗೇ ಗುಡಿಯನ್ನೂ ಎಬ್ಬಿಸಿಕೊಂಡವರು ಇದೇ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದ್ದಾರೆ. ನಾಡು ಬಿಟ್ಟು ಬಂದ ಟಿಬೆಟನ್ನರು 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯ ಕಾಡನ್ನು ಸವರಿ ಹೊಲ ಮಾಡಿದರು. 1963ರಲ್ಲಿ ಪೆನೊರ್ ರಿನ್‌ಪೊಚೆಯವರು ಅಲ್ಲಿ ನಾಮ್‌ಡ್ರೊಲಿಂಗ್ ಮಠವನ್ನು ಸ್ಥಾಪಿಸಿದಾಗ ಮೊದಲ ಗುಡಿ ಬರೀ ಬಿದಿರಿನದು. ಈಗ ಎಲ್ಲರೂ ‘ಗೋಲ್ಡನ್ ಟೆಂಪಲ್’ ಎನ್ನುವ ಪದ್ಮಸಂಭವ ವಿಹಾರ ಪೂರ್ಣಗೊಂಡು ಉದ್ಘಾಟನೆಯಾದದ್ದು 1999ರಲ್ಲಿ.

ಭಾನುವಾರ ಬಸ್ಸುಗಟ್ಟಲೆ ಜನ ಬರುತ್ತಾರೆ. ಚಿನ್ನದ ಲೇಪದ ಮೂರು ಭಾರಿ ಮೂರ್ತಿಗಳಿಗೆ ಕೈಮುಗಿದು, ಹೊರಗೆ ಫೋಟೊ ಹಿಡಿಸಿಕೊಂಡು, ಹತ್ತು ನಿಮಿಷದಲ್ಲಿ ಹೊರಡುತ್ತಾರೆ. ಶಾಲೆಯ ಮಕ್ಕಳನ್ನಂತೂ ಸಾಲು ಹಿಡಿಸಿ ಓಡಿಸುತ್ತಾರೆ. ಗೋಡೆ ತುಂಬ ಬರೆದ ಚಿತ್ರಗಳು ಹಾಗೆಯೇ ಉಳಿದುಬಿಡುತ್ತವೆ.

ನೋಡುವುದಕ್ಕೆ ಹೊತ್ತು ಬೇಕೇಬೇಕು. ಮನುಷ್ಯನ ಕಣ್ಣು ಒಮ್ಮೆಗೆ ನಿಚ್ಚಳವಾಗಿ ಕಾಣುವುದು ತೋಳು ನೀಡಿ ಹಿಡಿದ ಹೆಬ್ಬೆರಳಿನ ಉಗುರಿನಷ್ಟು ಜಾಗವನ್ನು ಮಾತ್ರ, ಉಳಿದದ್ದು ಮಸುಕು. ಆದ್ದರಿಂದಲೇ ಅದು ಸೆಕೆಂಡಿಗೆ ಮೂರು ಬಾರಿಯಾದರೂ ಅತ್ತಿಂದಿತ್ತ ಜಿಗಿಯುತ್ತಿರುತ್ತದೆ. ಒಂದು ಗೋಡೆಯ ಮುಂದೆ ಸುಮ್ಮನೆ ನಿಂತರೆ ಮೊದಲು ಕಾಣುವುದು ಬಣ್ಣದ ಗದ್ದಲ. ಆಮೇಲೆ ಮೋಡದ ಅಂಚು, ತಾವರೆಯ ಎಸಳು, ಉರಿಯ ನಾಲಗೆ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಕೋರೆಹಲ್ಲು ಮಸೆಯುವ ಉಗ್ರ ದೇವತೆ ಎದುರಾದರೂ ವೀರಭದ್ರನನ್ನು ಬಲ್ಲ ಊರಿನವರಿಗೆ ಭಯವೇನಿಲ್ಲ. ಆ ಸಿಟ್ಟು ನೋಡುವವನ ಮೇಲಲ್ಲ, ಅಜ್ಞಾನದ ಮೇಲೆ. ಟಿಬೆಟನ್ ಚಿತ್ರಕಾರರು ಅಳತೆಯ ಗೆರೆ ಎಳೆದು, ಬಣ್ಣ ತುಂಬಿ, ಕಣ್ಣನ್ನು ಕೊನೆಗೆ ಬರೆಯುತ್ತಾರೆ. ಇಲ್ಲಿಯ ಶಿಲ್ಪಿಗಳು ಮೂರ್ತಿಗೆ ಕಡೆಯಲ್ಲಿ ಕಣ್ಣು ತೆರೆಸುವುದೂ ಹಾಗೆಯೇ ಅಲ್ಲವೆ?

ಇಷ್ಟನ್ನು ನೋಡುವಷ್ಟು ಹೊತ್ತು ಬ್ಯಾರನ್ನಿನ ಶಾಖ, ಸೊಸೈಟಿಯ ಸಾಲ ತಲೆಯಿಂದ ದೂರವಿರುತ್ತವೆ. ಚಿತ್ರ ಸಾಲ ತೀರಿಸುವುದಿಲ್ಲ, ನಿಜ. ಆದರೆ ಸಾಲವನ್ನೇ ಸುತ್ತುತ್ತಿದ್ದ ಮನಸ್ಸಿಗೆ ಬೇರೊಂದು ದಾರಿ ತೋರಿಸುತ್ತದೆ. ವೈದ್ಯರೂ ಈ ಮಾತನ್ನು ತಳ್ಳಿಹಾಕುತ್ತಿಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ 2018ರಲ್ಲಿ ವೈದ್ಯರ ಸಂಘವೊಂದು ಅಲ್ಲಿನ ಲಲಿತಕಲಾ ಸಂಗ್ರಹಾಲಯದ ಜೊತೆ ಸೇರಿ, ಔಷಧದ ಚೀಟಿಯಲ್ಲಿ ಚಿತ್ರ ನೋಡಿಬರುವುದನ್ನೂ ಬರೆದುಕೊಡುವ ಏರ್ಪಾಡು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಆರೋಗ್ಯಕ್ಕೆ ಕಲೆಯೂ ನೆರವಾಗುತ್ತದೆಂದು ವರದಿ ಕೊಟ್ಟಿತು. ಔಷಧಿಯ ಬದಲಿಗಲ್ಲ, ಅದರ ಜೊತೆಗೆ.

ಹುಣಸೂರಿನಿಂದ ಮಡಿಕೇರಿ ರಸ್ತೆಯ ಬಸ್ಸು ಹತ್ತಿದರೆ ಬೈಲಕುಪ್ಪೆ ದೂರವೇನಲ್ಲ. ಹರಾಜು ಮುಗಿದ ಮೇಲೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗಬಹುದು. ಒಂದೇ ಗೋಡೆ ಆರಿಸಿಕೊಂಡು ನಿಂತರೆ ಸಾಕು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಎದುರಿನ ಗೋಡೆಯೂ ಇದೆ.